ಮನೆಯಂಗಳದಲ್ಲಿ ಕಾರು ಚಾರ್ಜಿಂಗ್: ಕಾರವಾರದಿಂದ ಶಿರಸಿವರೆಗೆ ಸ್ಮಾರ್ಟ್ ಚಾರ್ಜರ್ ಆಯ್ಕೆ ಮತ್ತು ಜೋಡಣೆ

ಎಲೆಕ್ಟ್ರಿಕ್ ಕಾರು ಮನೆಯಲ್ಲಿ ಚಾರ್ಜ್ ಆಗುತ್ತಿಲ್ಲ ಅಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಮೊದಲು ನೋಡಬೇಕಾದದ್ದು ಮನೆಯ ಅರ್ಥಿಂಗ್ ಗುಂಡಿ. ಆಮೇಲೆ ವೋಲ್ಟೇಜ್, ಆಮೇಲೆ ವೈರಿಂಗ್. ಚಾರ್ಜರ್ ಕೆಟ್ಟಿದೆಯೇ ಎಂದು ನೋಡುವ ಸರದಿ ಕೊನೆಗೆ ಬರುತ್ತದೆ. ಕೊಳ್ಳುವಾಗಲೂ ಇದೇ ಕ್ರಮ ಹಿಡಿದರೆ ದುಡ್ಡು ಉಳಿಯುತ್ತದೆ, ಮಳೆಗಾಲದಲ್ಲಿ ನಿದ್ದೆಯೂ ಉಳಿಯುತ್ತದೆ. ಹಾಗಾಗಿ ಈ ಲೇಖನದಲ್ಲಿ ಆ್ಯಪಿನ ಸೌಲಭ್ಯಗಳಿಗಿಂತ ನೆಲ, ಗೋಡೆ, ತಂತಿಗಳ ಮಾತೇ ಹೆಚ್ಚು.

ಗೋಡೆಯ ಪೆಟ್ಟಿಗೆ ಏನು ಮಾಡುತ್ತದೆ

ನಾವು ಚಾರ್ಜರ್ ಎಂದು ಕರೆಯುವ ಗೋಡೆಯ ಪೆಟ್ಟಿಗೆ ಬ್ಯಾಟರಿಯನ್ನು ನೇರವಾಗಿ ಚಾರ್ಜ್ ಮಾಡುವುದಿಲ್ಲ. ಎಸಿ ಕರೆಂಟನ್ನು ಡಿಸಿಗೆ ಬದಲಾಯಿಸುವ ನಿಜವಾದ ಚಾರ್ಜರ್ ಕಾರಿನೊಳಗೇ ಇದೆ. ಗೋಡೆಯ ಪೆಟ್ಟಿಗೆ ಕಾವಲುಗಾರನ ಕೆಲಸ ಮಾಡುತ್ತದೆ: ಅರ್ಥಿಂಗ್ ಇದೆಯೇ ಎಂದು ನೋಡುತ್ತದೆ, ಪ್ಲಗ್ ಸರಿಯಾಗಿ ಕೂತಿದೆಯೇ ಎಂದು ನೋಡುತ್ತದೆ, 'ಇಷ್ಟು ಆಂಪಿಯರ್ ತನಕ ಎಳೆದುಕೋ' ಎಂದು ಸಣ್ಣ ತಂತಿಯೊಂದರ ಮೂಲಕ ಕಾರಿಗೆ ಹೇಳಿ ಸ್ವಿಚ್ ಹಾಕುತ್ತದೆ. ಈ ಸೂಚನೆ 6 ಆಂಪಿಯರ್‌ಗಿಂತ ಕಡಿಮೆ ಇರುವಂತಿಲ್ಲ. ಅಂದರೆ 230 ವೋಲ್ಟಿನಲ್ಲಿ ಸುಮಾರು 1.4 ಕಿಲೋವ್ಯಾಟ್ ಅತಿ ನಿಧಾನದ ಚಾರ್ಜಿಂಗ್.

ಇದರಿಂದ ಆಯ್ಕೆಯ ಮೊದಲ ಸೂತ್ರ ಸಿಗುತ್ತದೆ. ಕಾರಿನೊಳಗಿನ ಚಾರ್ಜರ್ 3.3 ಕಿಲೋವ್ಯಾಟಿನದ್ದಾದರೆ ಗೋಡೆಗೆ 7.2 ಕಿಲೋವ್ಯಾಟಿನ ಪೆಟ್ಟಿಗೆ ಹಾಕಿದರೂ ಕಾರು ತೆಗೆದುಕೊಳ್ಳುವುದು 3.3 ಮಾತ್ರ. ಟಾಟಾ ಟಿಯಾಗೊ ಇವಿಯಲ್ಲಿ 3.3 ಮತ್ತು 7.2 ಎರಡೂ ಬಗೆ ಮಾರಾಟವಾಗಿವೆ. ಎಂಜಿ ಕಾಮೆಟ್‌ನ ಆರಂಭದ ಮಾದರಿಗಳಲ್ಲಿ 3.3 ಇದೆ. ಹ್ಯುಂಡೈ ಕ್ರೆಟಾ ಎಲೆಕ್ಟ್ರಿಕ್, ಮಹೀಂದ್ರ ಬಿಇ 6ರಂಥ ಕಾರುಗಳಿಗೆ 11 ಕಿಲೋವ್ಯಾಟ್ ಆಸುಪಾಸಿನ ಚಾರ್ಜಿಂಗ್ ಲಭ್ಯ, ಆದರೆ ಅದಕ್ಕೆ ಮೂರು ಫೇಸ್ ಬೇಕು. ನಿಮ್ಮ ಕಾರಿನ ಕೈಪಿಡಿಯಲ್ಲಿ 'ಆನ್‌ಬೋರ್ಡ್ ಚಾರ್ಜರ್' ಎಂಬ ಸಾಲು ಹುಡುಕಿ, ಆ ಅಂಕಿ ಬರೆದಿಟ್ಟುಕೊಳ್ಳಿ.

3.3 ಸಾಕೋ, 7.2 ಬೇಕೋ

ದಿನಕ್ಕೆ ಎಷ್ಟು ಓಡಾಟ ಎಂಬುದರಿಂದ ಲೆಕ್ಕ ಶುರುವಾಗಲಿ. ಸಣ್ಣ ಕಾರೊಂದು ಕಿಲೋಮೀಟರಿಗೆ ಸುಮಾರು 130 ವ್ಯಾಟ್-ಅವರ್ ತಿನ್ನುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ 30 ಕಿಲೋಮೀಟರಾದರೆ ಬ್ಯಾಟರಿಯಿಂದ ಸುಮಾರು 4 ಯೂನಿಟ್ (ಒಂದು ಯೂನಿಟ್ ಎಂದರೆ 1000 ವ್ಯಾಟ್-ಅವರ್) ಹೋಗುತ್ತದೆ. ಚಾರ್ಜ್ ಆಗುವಾಗ ಬಿಸಿಯಾಗಿ ಹೋಗುವ ನಷ್ಟ ಸೇರಿಸಿದರೆ ಮೀಟರಿನಲ್ಲಿ ಸುಮಾರು 4.5 ಯೂನಿಟ್. 3.3 ಕಿಲೋವ್ಯಾಟಿನಲ್ಲಿ ಇದು ಒಂದೂವರೆ ಗಂಟೆಯ ಕೆಲಸ ಕೂಡ ಅಲ್ಲ. 30 ಯೂನಿಟ್ಟಿನ ಬ್ಯಾಟರಿ ಬಹುತೇಕ ಖಾಲಿಯಾಗಿ ಬಂದರೂ ರಾತ್ರಿ 10ಕ್ಕೆ ಹಾಕಿದರೆ ಬೆಳಿಗ್ಗೆ 8ರ ಹೊತ್ತಿಗೆ ತುಂಬಿರುತ್ತದೆ.

ಹಾಗಾದರೆ 7.2 ಯಾರಿಗೆ? ದಿನಕ್ಕೆ 150 ಕಿಲೋಮೀಟರ್ ಮೇಲೆ ಓಡಿಸುವವರಿಗೆ, ಒಂದೇ ಮನೆಯಲ್ಲಿ ಎರಡು ಕಾರಿರುವವರಿಗೆ, ಮಧ್ಯಾಹ್ನ ಹುಬ್ಬಳ್ಳಿಯಿಂದ ಬಂದು ಸಂಜೆ ಮತ್ತೆ ಹೊರಡುವವರಿಗೆ, 45 ಯೂನಿಟ್ಟಿಗಿಂತ ದೊಡ್ಡ ಬ್ಯಾಟರಿ ಇರುವವರಿಗೆ. ಉಳಿದ ಹೆಚ್ಚಿನ ಮನೆಗಳಿಗೆ 3.3 ಸಾಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಶಿರಸಿ, ಸಿದ್ದಾಪುರದ ಹಳ್ಳಿಗಳಲ್ಲಿ ಟ್ರಾನ್ಸ್‌ಫಾರ್ಮರ್‌ನಿಂದ ದೂರ ಇರುವ ಮನೆಯಾದರೆ 7.2ರ ಚಾರ್ಜರ್ ತನ್ನ ಪೂರ್ತಿ 32 ಆಂಪಿಯರ್ ಎಳೆದಾಗ ಅಕ್ಕಪಕ್ಕದವರ ದೀಪವೂ ಮಂಕಾಗುತ್ತದೆ. ಅಂಥ ಕಡೆ 7.2 ತಂದರೂ ಕೊನೆಗೆ 3.3ಕ್ಕೆ ಬೇಕಾಗುವ 16 ಆಂಪಿಯರಿಗೆ ಇಳಿಸಿಯೇ ಓಡಿಸಬೇಕಾಗುತ್ತದೆ.

ಮಧ್ಯದ ದಾರಿಯೂ ಇದೆ. ಮುಂದೆ ದೊಡ್ಡ ಕಾರು ಬರಬಹುದು ಎಂದಿದ್ದರೆ 7.2ರ ಪೆಟ್ಟಿಗೆಯನ್ನೇ ಕೊಂಡು, ವೈರನ್ನೂ ಅದಕ್ಕೆ ತಕ್ಕಂತೆ ಎಳೆಸಿ, ಸದ್ಯಕ್ಕೆ ಗರಿಷ್ಠ ಮಿತಿಯನ್ನು 16 ಆಂಪಿಯರ್‌ಗೆ ಕಟ್ಟಿಹಾಕಿ.

ಸ್ಕೂಟರಿಗೆ ಇದ್ಯಾವುದೂ ಬೇಡ. ಅದರ ಜೊತೆ ಬರುವ ಚಾರ್ಜರ್ ಒಂದು ಕಿಲೋವ್ಯಾಟಿನ ಆಸುಪಾಸು ಎಳೆಯುತ್ತದೆ. ಸರಿಯಾದ ಅರ್ಥಿಂಗ್ ಇರುವ ಒಳ್ಳೆಯ 16 ಆಂಪಿಯರ್ ಸಾಕೆಟ್ ಒಂದಿದ್ದರೆ ಸಾಕು.

ಬಿಲ್ಲು, ಲೋಡು, ಗೃಹಜ್ಯೋತಿ

ನಮ್ಮ ಜಿಲ್ಲೆಯ ಕರೆಂಟು ಹೆಸ್ಕಾಂನದ್ದು. ಬಿಲ್ಲಿನಲ್ಲಿ ಆರ್.ಆರ್. ನಂಬರಿನ ಜೊತೆ 'ಮಂಜೂರಾದ ಲೋಡ್' ಎಂದು ಕಿಲೋವ್ಯಾಟಿನಲ್ಲಿ ಬರೆದಿರುತ್ತದೆ. ಹಳೆಯ ಮನೆಗಳಲ್ಲಿ ಇದು 1, 2 ಅಥವಾ 3 ಇರುವುದು ಸಾಮಾನ್ಯ. 3.3ರ ಚಾರ್ಜರ್ ಒಂದೇ ಆ ಮಿತಿ ಮೀರುತ್ತದೆ, ಇನ್ನು ಗೀಸರು, ಬಾವಿಯ ಪಂಪು, ಇಂಡಕ್ಷನ್ ಒಲೆ ಸೇರಿದರೆ ಕೇಳುವುದೇ ಬೇಡ. ಆದ್ದರಿಂದ ಚಾರ್ಜರ್ ತರುವ ಮೊದಲೇ ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರ ಮೂಲಕ ಸೆಕ್ಷನ್ ಆಫೀಸಿನಲ್ಲಿ ಹೆಚ್ಚುವರಿ ಲೋಡ್‌ಗೆ ಅರ್ಜಿ ಹಾಕಿ. 3.3ರ ಚಾರ್ಜರಿಗೆ ಒಟ್ಟು 5 ಕಿಲೋವ್ಯಾಟ್, 7.2ಕ್ಕೆ 9 ಅಥವಾ 10 ಇಟ್ಟುಕೊಳ್ಳುವುದು ಅನುಕೂಲ. ನೆನಪಿಡಿ, ನಿಗದಿತ ಶುಲ್ಕವನ್ನು ಕಿಲೋವ್ಯಾಟ್ ಲೆಕ್ಕದಲ್ಲಿ ಪ್ರತಿ ತಿಂಗಳೂ ಹಾಕುತ್ತಾರೆ. ಕಾರು ಶೆಡ್ಡಿನಲ್ಲೇ ನಿಂತಿದ್ದರೂ ಅದು ಬರುತ್ತದೆ. 3.3 ಸಾಕು ಎನ್ನಲು ಇದೂ ಒಂದು ಕಾರಣ.

ಗೃಹಜ್ಯೋತಿ ಪಡೆಯುತ್ತಿರುವವರು ಇಲ್ಲಿ ಎಚ್ಚರದಿಂದ ಲೆಕ್ಕ ಹಾಕಬೇಕು. ನಿಮ್ಮ ಅರ್ಹ ಯೂನಿಟ್ಟಿನೊಳಗೆ ಬಳಸಿದರೆ ಬಿಲ್ಲು ಸೊನ್ನೆ. ಅದನ್ನು ಮೀರಿ 200ರೊಳಗಿದ್ದರೆ ಹೆಚ್ಚಾದಷ್ಟಕ್ಕೆ ದುಡ್ಡು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ನಿಮ್ಮದು. ಮನೆಯ ಬಳಕೆ 90 ಯೂನಿಟ್, ಕಾರಿನದ್ದು ಮೇಲಿನ ಲೆಕ್ಕದಂತೆ ತಿಂಗಳಿಗೆ 135 ಯೂನಿಟ್ ಎಂದಾದರೆ ಒಟ್ಟು 225. ಬರೀ 25 ಯೂನಿಟ್ಟಿಗೆ ಇಡೀ ರಿಯಾಯಿತಿ ಹೋಯಿತು. ವಾಹನ ಚಾರ್ಜಿಂಗ್‌ಗೆ ರಾಜ್ಯದ ದರಪಟ್ಟಿಯಲ್ಲಿ ಪ್ರತ್ಯೇಕ ವರ್ಗವಿದೆ. ಕಾರಿಗೆಂದೇ ಬೇರೆ ಮೀಟರ್ ಹಾಕಿಸಿಕೊಳ್ಳುವುದಾದರೆ ಆಗುವ ಖರ್ಚೆಷ್ಟು, ನಿಗದಿತ ಶುಲ್ಕವೆಷ್ಟು ಎಂದು ಸೆಕ್ಷನ್ ಆಫೀಸಿನಲ್ಲಿ ಕೇಳಿ, ಎರಡೂ ದಾರಿಯ ವರ್ಷದ ಖರ್ಚನ್ನು ಒಂದು ಹಾಳೆಯಲ್ಲಿ ಪಕ್ಕಪಕ್ಕ ಬರೆದು ನಿರ್ಧರಿಸಿ. ಬೇರೆ ಮೀಟರ್ ಹಾಕಲೇಬೇಕೆಂಬ ನಿಯಮವಿಲ್ಲ. ಮನೆಯ ಈಗಿನ ಸಂಪರ್ಕದಿಂದಲೇ ವಾಹನ ಚಾರ್ಜ್ ಮಾಡಬಹುದು ಎಂದು ಕೇಂದ್ರ ಇಂಧನ ಸಚಿವಾಲಯದ 2024ರ ಮಾರ್ಗಸೂಚಿ ಹೇಳುತ್ತದೆ.

ತೋಟದ ಮನೆಯವರಿಗೆ ಇನ್ನೊಂದು ಮಾತು. ಪಂಪ್‌ಸೆಟ್ಟಿನ ಲೈನು ಅಂಗಳದ ಹತ್ತಿರವೇ ಇದೆ, ಮೂರು ಫೇಸೂ ಇದೆ ಎಂದು ಅದಕ್ಕೆ ಕಾರು ಜೋಡಿಸಬೇಡಿ. ನೀರಾವರಿಗೆಂದು ಮಂಜೂರಾದ ಕರೆಂಟನ್ನು ಬೇರೆ ಕೆಲಸಕ್ಕೆ ಬಳಸುವುದು 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಡಿ ಅನಧಿಕೃತ ಬಳಕೆಯಾಗುತ್ತದೆ, ದಂಡದ ದರ ದುಪ್ಪಟ್ಟು.

ಅರ್ಥಿಂಗ್: ಇಲ್ಲಿ ಅವಸರ ಬೇಡ

ಕರಾವಳಿಯಲ್ಲೂ ಘಟ್ಟದ ಮೇಲೂ ನಮ್ಮದು ಹೆಚ್ಚಾಗಿ ಚಿರೇಕಲ್ಲಿನ ನೆಲ. ಜುಲೈ ತಿಂಗಳಲ್ಲಿ ಅಗೆದರೆ ನೀರು ಒಸರುವ ಅದೇ ನೆಲ ಏಪ್ರಿಲ್‌ನಲ್ಲಿ ಇಟ್ಟಿಗೆಯಂತೆ ಒಣಗಿರುತ್ತದೆ. ಒಣಗಿದ ನೆಲ ಕರೆಂಟನ್ನು ಸಾಗಿಸುವುದಿಲ್ಲ. ಮಳೆಗಾಲದಲ್ಲಿ 4 ಓಮ್ ತೋರಿಸಿದ ಗುಂಡಿ ಬೇಸಿಗೆಯಲ್ಲಿ ಅದರ ಹಲವು ಪಟ್ಟು ತೋರಿಸುತ್ತದೆ. ಮಿಕ್ಸಿ, ಫ್ರಿಜ್ ಇದನ್ನು ಗಮನಿಸುವುದಿಲ್ಲ. ಕಾರು ಗಮನಿಸುತ್ತದೆ, ಚಾರ್ಜಿಂಗ್ ನಿಲ್ಲಿಸುತ್ತದೆ.

ಅರ್ಥಿಂಗ್ ಇದೆಯೋ ಇಲ್ಲವೋ ನೋಡಲು ಫೇಸ್ ಮತ್ತು ಅರ್ಥ್ ನಡುವೆ 100 ವ್ಯಾಟಿನ ಬಲ್ಬ್ ಹಚ್ಚಿ ತೋರಿಸುವ ಪದ್ಧತಿ ಇದೆ. ಅದನ್ನು ನಂಬಬೇಡಿ. ಉರಿಯುವ ಆ ಬಲ್ಬಿನ ರೋಧವೇ ಸುಮಾರು 530 ಓಮ್. ಅರ್ಥಿಂಗ್ 50 ಓಮ್‌ನಷ್ಟು ಕೆಟ್ಟಿದ್ದರೂ ಬಲ್ಬಿಗೆ 210 ವೋಲ್ಟ್ ಸಿಗುತ್ತದೆ, ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಅದೇ 50 ಓಮಿನ ಅರ್ಥಿಂಗ್‌ಗೆ ಕಾರಿನ ಮೈಯಿಂದ ಫೇಸ್ ತಗುಲಿದರೆ ಹರಿಯುವ ಕರೆಂಟು 4.6 ಆಂಪಿಯರ್ ಮಾತ್ರ. ಕರೆಂಟು ಮಿತಿ ಮೀರಿದರೆ ತಾನಾಗಿ ಬಿದ್ದು ಲೈನು ಕಡಿಯುವ ಸ್ವಿಚ್ಚಾದ ಎಂಸಿಬಿ, 20 ಆಂಪಿಯರಿನದ್ದಾದರೆ, ಅಲುಗಾಡುವುದೂ ಇಲ್ಲ. ಅಳತೆಯನ್ನು ಅರ್ಥ್ ಟೆಸ್ಟರ್ ಎಂಬ ಯಂತ್ರದಿಂದಲೇ ಮಾಡಿಸಿ, ಅದೂ ಬೇಸಿಗೆಯಲ್ಲಿ. 5 ಓಮ್‌ಗಿಂತ ಕಡಿಮೆ ಬಂದರೆ ನಿಶ್ಚಿಂತೆ.

ಹೊಸ ಗುಂಡಿ ಎಲ್ಲಿ ತೋಡಬೇಕು? ವರ್ಷವಿಡೀ ತೇವ ಇರುವ ಜಾಗ ಹುಡುಕಿ. ಬಚ್ಚಲ ನೀರು ಬಾಳೆಬುಡಕ್ಕೋ ತೆಂಗಿನಬುಡಕ್ಕೋ ಹರಿದು ಹೋಗುವ ಕಾಲುವೆಯ ಪಕ್ಕ ಎಲ್ಲಕ್ಕಿಂತ ಒಳ್ಳೆಯದು. ಬಾವಿಯಿಂದ ದೂರ ಇರಲಿ. ತಾಮ್ರ ಲೇಪಿಸಿದ 3 ಮೀಟರ್ ಉದ್ದದ ರಾಡು, ಸುತ್ತ ತೇವ ಹಿಡಿದಿಡುವ ಬೆಂಟೊನೈಟ್ ಜೇಡಿ ಬೆರೆತ ಅರ್ಥಿಂಗ್ ಪುಡಿ ತುಂಬಿಸಿ. ಇದ್ದಿಲು ಮತ್ತು ಉಪ್ಪಿನ ಹಳೆಯ ವಿಧಾನ ಬಯಲುಸೀಮೆಯಲ್ಲಿ ಬಾಳಬಹುದು. ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಕರಾವಳಿಯಲ್ಲಿ ಉಪ್ಪು ಕೆಲವೇ ಮಳೆಗಾಲದಲ್ಲಿ ತೊಳೆದುಹೋಗುತ್ತದೆ, ಹೋಗುವ ಮುಂಚೆ ಜಿಐ ಪೈಪನ್ನೂ ತಿಂದಿರುತ್ತದೆ. ಒಂದು ರಾಡಿಗೆ 5 ಓಮ್ ಸಿಗದಿದ್ದರೆ 3 ಮೀಟರಿಗಿಂತ ದೂರದಲ್ಲಿ ಇನ್ನೊಂದು ಹೂತು ಎರಡನ್ನೂ ತಾಮ್ರದ ತಂತಿಯಿಂದ ಕೂಡಿಸಿ. ಹತ್ತಿರ ಹೂತರೆ ಎರಡೂ ಒಂದೇ ಮಣ್ಣನ್ನು ಹಂಚಿಕೊಳ್ಳುತ್ತವೆ, ಪ್ರಯೋಜನ ಅರ್ಧ. ಮನೆಯ ಹಳೆಯ ಅರ್ಥಿಂಗನ್ನೂ ಇದಕ್ಕೇ ಸೇರಿಸಬೇಕು. ಒಂದೇ ಮನೆಯಲ್ಲಿ ಕೂಡಿಸದ ಎರಡು ಅರ್ಥಿಂಗ್ ಇರಬಾರದು.

ಗುಂಡಿಯ ಮೇಲೆ ಮುಚ್ಚಳವಿರುವ ಸಣ್ಣ ತೊಟ್ಟಿ ಕಟ್ಟಿಸಿ. ಸಿಮೆಂಟು ಹಾಕಿ ಪೂರ್ತಿ ಮುಚ್ಚಿದ ಗುಂಡಿಗೆ ಬೇಸಿಗೆಯಲ್ಲಿ ಎರಡು ಕೊಡ ನೀರು ಹೊಯ್ಯಲೂ ಆಗುವುದಿಲ್ಲ, ನಟ್ಟು ಬಿಗಿ ಇದೆಯೇ ನೋಡಲೂ ಆಗುವುದಿಲ್ಲ.

ವೈರು, ಎಂಸಿಬಿ, ಆರ್‌ಸಿಸಿಬಿ

ಮೀಟರ್ ಬೋರ್ಡಿನಿಂದ ಚಾರ್ಜರಿಗೆ ಪ್ರತ್ಯೇಕ ಲೈನು, ನಡುವೆ ಬೇರೆ ಯಾವ ಸ್ವಿಚ್ಚೂ ಸಾಕೆಟ್ಟೂ ಇಲ್ಲದಂತೆ. ಇನ್ವರ್ಟರ್ ಲೈನಿಗೆ ಇದು ತಾಗಬಾರದು. ಮಲೆನಾಡಿನ ಮನೆಗಳಲ್ಲಿ ಹಳೆಯ ವೈರಿಂಗ್ ಎಲ್ಲೆಲ್ಲೋ ಕೂಡಿರುತ್ತದೆ. ಕರೆಂಟು ಹೋದಾಗ ಚಾರ್ಜರಿನ ದೀಪ ಉರಿಯುತ್ತಿದ್ದರೆ ತಪ್ಪಾಗಿದೆ ಎಂದೇ ಅರ್ಥ.

16 ಆಂಪಿಯರಿನ ಚಾರ್ಜರಿಗೆ 4 ಸ್ಕ್ವೇರ್ ಎಂಎಂ ತಾಮ್ರದ ವೈರು, 20 ಆಂಪಿಯರಿನ ಸಿ-ಕರ್ವ್ ಎಂಸಿಬಿ. 32 ಆಂಪಿಯರಿಗೆ 6 ಸ್ಕ್ವೇರ್ ಎಂಎಂ, 40 ಆಂಪಿಯರ್ ಎಂಸಿಬಿ. ಎಂಸಿಬಿ ಒಂದು ಮೆಟ್ಟಿಲು ಮೇಲೆ ಇರಬೇಕಾದ್ದು ಏಕೆಂದರೆ ಕಾರು ಗಂಟೆಗಟ್ಟಲೆ ಪೂರ್ತಿ ಕರೆಂಟು ಎಳೆಯುತ್ತದೆ. ಸರಿಸಮದ ಎಂಸಿಬಿ ಬಿಸಿಯಾಗಿ ಬೀಳುತ್ತದೆ. ಹಾಗೆಂದು 40ರ ಎಂಸಿಬಿಗೆ 4 ಸ್ಕ್ವೇರ್ ವೈರು ಹಾಕಿದರೆ ಎಂಸಿಬಿ ಬೀಳುವ ಮೊದಲು ವೈರು ಸುಡುತ್ತದೆ.

ದೂರ ಹೆಚ್ಚಿದ್ದರೆ ವೈರು ದಪ್ಪವಾಗಬೇಕು. ಹಳ್ಳಿಮನೆಗಳಲ್ಲಿ ಮೀಟರ್ ಜಗಲಿಯ ಮೇಲೆ, ಕಾರು ನಿಲ್ಲುವುದು ದಣಪೆಯ ಹತ್ತಿರದ ಶೆಡ್ಡಿನಲ್ಲಿ. ನಡುವೆ 40 ಮೀಟರ್ ಇರುವುದು ಹೊಸದಲ್ಲ. ಅಷ್ಟು ದೂರಕ್ಕೆ 32 ಆಂಪಿಯರನ್ನು 6 ಸ್ಕ್ವೇರಿನಲ್ಲಿ ಕಳಿಸಿದರೆ ದಾರಿಯಲ್ಲೇ 9 ವೋಲ್ಟ್ ಕಳೆಯುತ್ತದೆ. 10 ಸ್ಕ್ವೇರಾದರೆ ಐದೂವರೆ. 15 ಆಂಪಿಯರಿಗೆ 2.5 ಸ್ಕ್ವೇರಿನಲ್ಲಿ ಸುಮಾರು 11 ವೋಲ್ಟ್, 4 ಸ್ಕ್ವೇರಿನಲ್ಲಿ ಆರೂವರೆ. ಕಂಬದಿಂದ ಬರುವುದೇ 200 ವೋಲ್ಟ್ ಆಗಿದ್ದಾಗ ಈ ಐದಾರು ವೋಲ್ಟಿನಿಂದಲೇ ಕಾರು ಚಾರ್ಜಾಗುವುದೋ ನಿಲ್ಲುವುದೋ ತೀರ್ಮಾನವಾಗುತ್ತದೆ. ನೆಲದಡಿ ಎಳೆಯುವುದಾದರೆ ಉಕ್ಕಿನ ಕವಚವಿರುವ ಆರ್ಮರ್ಡ್ ಕೇಬಲ್ ಹಾಕಿಸಿ. ಶೆಡ್ಡಿನ ಮಾಡಿನ ಅಂಚಿನಲ್ಲಿ ಬರೀ ವೈರು ಬಿಟ್ಟರೆ ಇಲಿ, ಅಳಿಲು ಬಿಡುವುದಿಲ್ಲ.

ಕರೆಂಟು ನೆಲಕ್ಕೆ ಸೋರಿದೊಡನೆ ಬಿದ್ದು ಲೈನು ಕಡಿಯುವ ಆರ್‌ಸಿಸಿಬಿ ವಿಷಯದಲ್ಲಿ ಅಂಗಡಿಯವರು ಕೊಟ್ಟದ್ದನ್ನು ಹಾಗೇ ತರಬೇಡಿ. ಕೈಯಲ್ಲಿ ಹಿಡಿದು ಮುಂಭಾಗದ ಚಿಹ್ನೆ ನೋಡಿ. ಒಂದೇ ಒಂದು ಅಲೆಯ ಗೆರೆ ಇದ್ದರೆ ಅದು 'ಎಸಿ' ಬಗೆ. ಅಲೆಯ ಗೆರೆಯ ಕೆಳಗೆ ಅರ್ಧ ಅಲೆಗಳ ಇನ್ನೊಂದು ಗೆರೆಯಿದ್ದರೆ 'ಎ' ಬಗೆ. ಕಾರಿನ ಚಾರ್ಜರಿನಿಂದ ಸ್ವಲ್ಪ ಡಿಸಿ ಕರೆಂಟು ಸೋರುವ ಸಾಧ್ಯತೆ ಇದೆ. ಡಿಸಿ ಸೇರಿದರೆ ಎಸಿ ಬಗೆಯ ಆರ್‌ಸಿಸಿಬಿಯ ಒಳಗಿನ ಕಬ್ಬಿಣದ ಸುರುಳಿ ಜಡವಾಗಿ, ಮನುಷ್ಯನಿಗೆ ಶಾಕ್ ಹೊಡೆದರೂ ಬೀಳದೆ ಕೂತುಬಿಡುತ್ತದೆ. ಆದ್ದರಿಂದ ಕನಿಷ್ಠ ಎ ಬಗೆ, 30 ಮಿಲಿಆಂಪಿಯರ್, ಮತ್ತು ಚಾರ್ಜರಿನೊಳಗೆ 6 ಮಿಲಿಆಂಪಿಯರ್ ಡಿಸಿ ಸೋರಿಕೆ ಗುರುತಿಸುವ ವ್ಯವಸ್ಥೆ ಇರಬೇಕು. ಚಾರ್ಜರಿನಲ್ಲಿ ಅದಿಲ್ಲದಿದ್ದರೆ 'ಬಿ' ಬಗೆಯ ಆರ್‌ಸಿಸಿಬಿ ಬೇಕು, ಅದು ದುಬಾರಿ. ಚಾರ್ಜರ್ ಕೊಳ್ಳುವಾಗ ಕೇಳಬೇಕಾದ ಮೊದಲ ತಾಂತ್ರಿಕ ಪ್ರಶ್ನೆ ಇದೇ.

ಏಪ್ರಿಲ್, ಮೇ ತಿಂಗಳ ಸಿಡಿಲು ನಮ್ಮ ಕಡೆ ಯಾರಿಗೂ ಹೊಸತಲ್ಲ. ಸಿಡಿಲಿನಿಂದ ಏರುವ ವೋಲ್ಟೇಜನ್ನು ನೆಲಕ್ಕೆ ಇಳಿಸುವ ಎಸ್‌ಪಿಡಿಯನ್ನು ಬೋರ್ಡಿನಲ್ಲಿ ಹಾಕಿಸಿ. ಕಂಬದಿಂದ ಬರಿ ತಂತಿಯಲ್ಲಿ ಕರೆಂಟು ಬರುವ ಮನೆಗಳಿಗೆ ಟೈಪ್ 1+2 ಬಗೆ. ಎಸ್‌ಪಿಡಿಯಿಂದ ಅರ್ಥ್‌ಗೆ ಹೋಗುವ ತಂತಿ ಅರ್ಧ ಮೀಟರಿಗಿಂತ ಉದ್ದ ಬೇಡ, ಸುರುಳಿ ಸುತ್ತಿಯೂ ಇರಬಾರದು.

'ಸ್ಮಾರ್ಟ್' ಎಂಬುದರಲ್ಲಿ ಯಾವುದು ಬೇಕು

ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಬೇಕಾದ ಜಾಣತನ ಬೇರೆ, ಯಲ್ಲಾಪುರದ ಹಳ್ಳಿಗೆ ಬೇಕಾದದ್ದು ಬೇರೆ. ಇಲ್ಲಿ ಬೇಕಾದವು ಇವು.

ಆಂಪಿಯರ್ ಮಿತಿಯನ್ನು 6ರಿಂದ 32ರವರೆಗೆ ನೀವೇ ಬದಲಿಸುವಂತಿರಬೇಕು. ವೋಲ್ಟೇಜ್ ಬಿದ್ದ ದಿನ 16ರಿಂದ 10ಕ್ಕೆ ಇಳಿಸಿದರೆ ನಿಂತುಹೋದ ಚಾರ್ಜಿಂಗ್ ಮತ್ತೆ ಸಾಗುತ್ತದೆ. ಕರೆಂಟು ಹೋಗಿ ಬಂದಾಗ ತಾನಾಗಿ ಮುಂದುವರಿಯಬೇಕು, ಆದರೆ ಬಂದ ಕ್ಷಣದಲ್ಲೇ ಅಲ್ಲ. ಒಂದೆರಡು ನಿಮಿಷ ಕಾದು, ವೋಲ್ಟೇಜ್ ನೆಲೆ ನಿಂತ ಮೇಲೆ. ಸಮಯ ನಿಗದಿಯ ನೆನಪು ಚಾರ್ಜರಿನೊಳಗೇ ಇರಬೇಕು, ದೂರದ ಸರ್ವರಿನಲ್ಲಲ್ಲ. ಮಳೆಗಾಲದಲ್ಲಿ ಮೊಬೈಲ್ ಟವರ್ ಎರಡು ದಿನ ಸತ್ತು ಮಲಗುವ ಊರುಗಳಿವೆ. ನೆಟ್‌ವರ್ಕ್ ಇಲ್ಲದಿದ್ದರೆ ಪ್ಲಗ್ ಹಾಕಿದೊಡನೆ ಚಾರ್ಜಾಗುವಂತೆ ಬದಲಿಸಲು ಬ್ಲೂಟೂತ್ ಅಥವಾ ಪೆಟ್ಟಿಗೆಗೆ ತೋರಿಸಿದರೆ ಗುರುತು ಹಿಡಿಯುವ ಆರ್‌ಎಫ್‌ಐಡಿ ಕಾರ್ಡ್ ಇರಲೇಬೇಕು. ಒಸಿಪಿಪಿ ಎಂಬ ತೆರೆದ ಸಂವಹನ ಪದ್ಧತಿ ಇದ್ದರೆ ತಯಾರಕರು ಆ್ಯಪ್ ನಿಲ್ಲಿಸಿದರೂ ಬೇರೆ ಆ್ಯಪಿಗೆ ಜೋಡಿಸಬಹುದು.

ವೈಫೈ ಎಂದರೆ ಬಹುಪಾಲು 2.4 ಗಿಗಾಹರ್ಟ್ಸ್ ಮಾತ್ರ. ಒಂದೂಕಾಲು ಅಡಿ ದಪ್ಪದ ಚಿರೇಕಲ್ಲಿನ ಎರಡು ಗೋಡೆ ದಾಟಿ ಶೆಡ್ಡಿಗೆ ಸಿಗ್ನಲ್ ಹೋಗುತ್ತದೆ ಎಂದು ನೆಚ್ಚಬೇಡಿ. ಚಾರ್ಜರ್ ಬರುವ ಜಾಗದಲ್ಲಿ ಫೋನು ಹಿಡಿದು ನೋಡಿ. ಅಲ್ಲಿ ಫೋನಿಗೆ ಎರಡು ಗೆರೆಯೂ ಬಾರದಿದ್ದರೆ ಚಾರ್ಜರಿಗೂ ಬರುವುದಿಲ್ಲ.

ಲೋಡ್ ಹೊಂದಾಣಿಕೆ ಎಂಬ ಸೌಲಭ್ಯಕ್ಕೆ ಮಾತ್ರ ಹೆಚ್ಚು ಕೊಟ್ಟರೂ ತಪ್ಪಿಲ್ಲ. ಮನೆಯ ಮುಖ್ಯ ಫೇಸ್ ತಂತಿಗೆ ಬಳೆಯಂತೆ ತೊಡಿಸುವ ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಎಂಬ ಸಣ್ಣ ಸಾಧನ ಇಡೀ ಮನೆಯ ಬಳಕೆ ಅಳೆಯುತ್ತದೆ. ಬೆಳಿಗ್ಗೆ ಗೀಸರ್ ಹಾಕಿದಾಗ ಚಾರ್ಜರ್ ತಾನೇ 16ರಿಂದ 6ಕ್ಕೆ ಇಳಿಯುತ್ತದೆ, ಗೀಸರ್ ಆರಿದ ಮೇಲೆ ಏರುತ್ತದೆ. ಜೋಡಿಸುವಾಗ ಆಗುವ ತಪ್ಪು ಎರಡು. ಫೇಸ್, ನ್ಯೂಟ್ರಲ್ ಎರಡನ್ನೂ ಬಳೆಯೊಳಗೆ ಹಾಕಿದರೆ ಒಂದನ್ನೊಂದು ಕಳೆದು ಸೊನ್ನೆ ತೋರಿಸುತ್ತದೆ. ಬಾಣದ ಗುರುತು ಉಲ್ಟಾ ಆದರೆ, ಅದರಲ್ಲೂ ಸೋಲಾರ್ ಇರುವ ಮನೆಯಲ್ಲಿ, ಲೆಕ್ಕವೇ ತಲೆಕೆಳಗಾಗುತ್ತದೆ.

ಮಾಡಿನ ಮೇಲೆ 3 ಕಿಲೋವ್ಯಾಟ್ ಸೋಲಾರ್ ಇದ್ದವರು ಹಗಲು 10ರಿಂದ 3ರವರೆಗೆ 6ರಿಂದ 10 ಆಂಪಿಯರಿನಲ್ಲಿ ಚಾರ್ಜ್ ಮಾಡಿದರೆ ಹೆಚ್ಚಿನ ಪಾಲು ಬಿಸಿಲಿನಿಂದಲೇ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಆಸೆ ಇಟ್ಟುಕೊಳ್ಳಬೇಡಿ.

ಗೋಡೆಗೆ ಕೂರಿಸುವುದು

ಧೂಳು, ನೀರು ತಡೆಯುವ ಐಪಿ 65 ದರ್ಜೆಯ ಪೆಟ್ಟಿಗೆಯಾದರೂ ಮೇಲೊಂದು ಮಾಡು ಇರಲಿ, ಪಶ್ಚಿಮಕ್ಕೆ ಮುಖ ಮಾಡದಿರಲಿ. ಇರಚಲು ಹೊಡೆಯುವುದು ಆ ಕಡೆಯಿಂದ. ನೆಲದಿಂದ 1.2 ಮೀಟರ್ ಎತ್ತರ ಕೈಗೆ ಸಲೀಸು. ಗಂಗಾವಳಿ, ಕಾಳಿ, ಅಘನಾಶಿನಿ, ಶರಾವತಿ ದಂಡೆಯ ಮನೆಗಳಲ್ಲಿ 2019ರ ಆಗಸ್ಟ್ ನೆರೆಯ ಗುರುತು ಗೋಡೆಯ ಮೇಲೆ ಇನ್ನೂ ಇದ್ದರೆ ಅದಕ್ಕಿಂತ ಅರ್ಧ ಮೀಟರ್ ಮೇಲೆ ಕೂರಿಸಿ, ಎಂಸಿಬಿ ಬೋರ್ಡನ್ನೂ ಸೇರಿಸಿ. ಹುಲ್ಲು, ಅಡಿಕೆ ಸಿಪ್ಪೆ, ಕಟ್ಟಿಗೆ ರಾಶಿ ಹಾಕುವ ಮೂಲೆ ಬೇಡ.

ಗಿಲಾಯ ಮಾಡದ ಚಿರೇಕಲ್ಲಿನ ಗೋಡೆಗೆ ಸ್ಕ್ರೂ ಕೂರಿಸುವ ಸಾಮಾನ್ಯ ಪ್ಲಾಸ್ಟಿಕ್ ಕೊಳವೆ (ರಾವಲ್ ಪ್ಲಗ್) ಹೊಡೆದರೆ ಆರು ತಿಂಗಳಲ್ಲಿ ಸಡಿಲವಾಗುತ್ತದೆ. ಕಲ್ಲಿನೊಳಗೆ ತೂತುಗಳಿರುತ್ತವೆ, ತೇವಕ್ಕೆ ಪುಡಿಯೂ ಉದುರುತ್ತದೆ. ಮೊದಲು ಗೋಡೆಗೆ 12 ಮಿಲಿಮೀಟರ್ ದಪ್ಪದ ಸಿಮೆಂಟ್ ಶೀಟು ಅಥವಾ ದಪ್ಪ ಅಕ್ರಿಲಿಕ್ ಹಲಗೆಯನ್ನು 100 ಮಿಲಿಮೀಟರ್ ಉದ್ದದ ಆ್ಯಂಕರ್‌ಗಳಿಂದ ಕೂರಿಸಿ, ತೂತಿಗೆ ರಾಸಾಯನಿಕ ಅಂಟು ತುಂಬಿಸಿ. ಚಾರ್ಜರನ್ನು ಆ ಹಲಗೆಗೆ ಬಿಗಿಯಿರಿ. ಭಾರ ಪೆಟ್ಟಿಗೆಯದ್ದಷ್ಟೇ ಅಲ್ಲ, ದಿನವೂ ಕೇಬಲ್ ಎಳೆಯುವ ಕೈಯದ್ದೂ ಇದೆ. ಕಾರವಾರ, ಅಂಕೋಲಾ, ಗೋಕರ್ಣದಂಥ ಕಡಲ ಬದಿಯಲ್ಲಿ ಸ್ಕ್ರೂಗಳು 316 ದರ್ಜೆಯ ಸ್ಟೀಲಿನದ್ದೇ ಆಗಲಿ; ಜಿಐ ಸ್ಕ್ರೂ ಎರಡೇ ಮಳೆಗಾಲಕ್ಕೆ ತುಕ್ಕು ಹಿಡಿದು ಗೋಡೆಯ ಮೇಲೆ ಕೆಂಪು ಕಣ್ಣೀರು ಇಳಿಸುತ್ತದೆ.

ವೈರು ಪೆಟ್ಟಿಗೆಗೆ ಕೆಳಗಿನಿಂದಲೇ ಪ್ರವೇಶಿಸಬೇಕು, ಅದಕ್ಕೂ ಮೊದಲು ಒಂದು ಗೇಣು ಕೆಳಗೆ ಬಾಗಿ ಮೇಲೆ ಬರಬೇಕು. ಆಗ ವೈರಿನ ಮೇಲೆ ಹರಿದು ಬಂದ ನೀರು ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ವೈರು ಒಳಹೋಗುವ ತೂತನ್ನು ಮುಚ್ಚುವ ಗ್ಲ್ಯಾಂಡಿನ ರಬ್ಬರು ವೈರಿನ ದಪ್ಪಕ್ಕೆ ಸರಿಹೊಂದದೆ ಸಂದು ಉಳಿದರೆ ಮೊದಲು ಇರುವೆ ಬರುತ್ತದೆ, ಹಿಂದೆಯೇ ಇರುವೆ ತಿನ್ನಲು ಹಲ್ಲಿ ಬರುತ್ತದೆ.

ಟರ್ಮಿನಲ್ ಬಿಗಿಯುವ ಹೊತ್ತಿಗೆ ಎಲೆಕ್ಟ್ರಿಷಿಯನ್ ಪಕ್ಕದಲ್ಲೇ ನಿಂತಿರಿ. ಎಳೆಗಳ ವೈರಿನ ತುದಿಗೆ ತವರ ಲೇಪಿಸಿದ ಲಗ್ ಹಾಕಿ ಕ್ರಿಂಪ್ ಮಾಡಬೇಕು. ಬರೀ ಎಳೆಗಳನ್ನು ತಿರುಚಿ ತೂರಿಸಿ ಸ್ಕ್ರೂ ಬಿಗಿದರೆ ಆ ದಿನ ಗಟ್ಟಿಯಾಗಿಯೇ ಇರುತ್ತದೆ. ಪ್ರತಿ ರಾತ್ರಿ ಬಿಸಿಯಾಗಿ ಬೆಳಿಗ್ಗೆ ತಣಿಯುತ್ತಾ ಎಳೆಗಳು ಕೂರುತ್ತವೆ, ಸ್ಕ್ರೂ ಸಡಿಲವಾಗುತ್ತದೆ. ಸಡಿಲವಾದಲ್ಲಿ ಬಿಸಿ ಇನ್ನೂ ಹೆಚ್ಚು. ಮೂರು ತಿಂಗಳ ನಂತರ ಮುಚ್ಚಳ ತೆರೆದರೆ ಕೆಂಪು ವೈರಿನ ತುದಿ ಬೆರಳಗಲ ಕಂದಾಗಿ, ಮೀನು ಕೆಟ್ಟಂಥ ಪ್ಲಾಸ್ಟಿಕ್ ವಾಸನೆ ಬರುತ್ತದೆ. ಆದ್ದರಿಂದ ಜೋಡಣೆಯಾಗಿ ಒಂದು ತಿಂಗಳಾದ ಮೇಲೆ ಒಮ್ಮೆ ಮೇನ್ ತೆಗೆದು ಎಲ್ಲ ಸ್ಕ್ರೂ ಮರುಬಿಗಿ ಮಾಡಿಸುವುದು ಕೆಲಸದ ಭಾಗ ಎಂದೇ ಮೊದಲು ಮಾತಾಡಿಕೊಳ್ಳಿ.

ಮೊದಲ ದಿನದ ಪರೀಕ್ಷೆ

ಕಾರು ಜೋಡಿಸುವ ಮೊದಲು ಮಲ್ಟಿಮೀಟರಿನಲ್ಲಿ ಮೂರು ಅಳತೆ. ಫೇಸ್-ನ್ಯೂಟ್ರಲ್ 230ರ ಆಸುಪಾಸು. ಫೇಸ್-ಅರ್ಥ್ ಕೂಡ ಹೆಚ್ಚುಕಡಿಮೆ ಅಷ್ಟೇ. ನ್ಯೂಟ್ರಲ್-ಅರ್ಥ್ 3 ವೋಲ್ಟಿನೊಳಗೆ. ಇದು 10 ದಾಟಿದರೆ ಅರ್ಥಿಂಗ್ ಕೆಟ್ಟಿದೆ, ಇಲ್ಲವೇ ಕಂಬದ ನ್ಯೂಟ್ರಲ್ ಸಡಿಲವಿದೆ. ಕಂಬದ ದೋಷವಾದರೆ 1912ಕ್ಕೆ ದೂರು ಕೊಡಿ, ಸರಿಯಾಗುವ ತನಕ ಕಾರು ಹಾಕಬೇಡಿ.

ಆರ್‌ಸಿಸಿಬಿಯ 'ಟಿ' ಗುಂಡಿ ಒತ್ತಿ. ಟಪ್ ಎಂದು ಬೀಳಬೇಕು. ಆಮೇಲೆ ಚಾರ್ಜರಿನ ಗರಿಷ್ಠ ಮಿತಿ ಕಟ್ಟಿ, ಕಾರು ಜೋಡಿಸಿ 10 ಆಂಪಿಯರಿನಿಂದ ಶುರು ಮಾಡಿ. 15 ನಿಮಿಷ ಬಿಟ್ಟು ಪೂರ್ತಿಗೆ ಏರಿಸಿ, ಆಗ ಮತ್ತೆ ವೋಲ್ಟೇಜ್ ನೋಡಿ. ಚಾರ್ಜ್ ಶುರುವಾದೊಡನೆ 230 ಇದ್ದದ್ದು 205ಕ್ಕೆ ಕುಸಿದರೆ ವೈರು ಸಣ್ಣದು ಅಥವಾ ಎಲ್ಲೋ ಜೋಡಣೆ ಸಡಿಲ. ಒಂದು ಗಂಟೆಯ ನಂತರ ಪ್ಲಗ್, ಎಂಸಿಬಿಯ ಮುಖ, ಬೋರ್ಡಿನ ಮುಚ್ಚಳ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಡುತ್ತಿದ್ದರೆ ನಿಲ್ಲಿಸಿ. ಕೊನೆಗೆ ಮೇನ್ ತೆಗೆದು ಎರಡು ನಿಮಿಷ ಬಿಟ್ಟು ಹಾಕಿ, ತಾನಾಗಿ ಮುಂದುವರಿಯುತ್ತದೆಯೇ ಖಚಿತಪಡಿಸಿಕೊಳ್ಳಿ.

ಕಾರಿನ ಜೊತೆ ಬರುವ ಪ್ಲಗ್ಗಿನ ಚಾರ್ಜರನ್ನೇ ನೆಚ್ಚಿರುವ ಬಾಡಿಗೆ ಮನೆಯವರು ಇದೇ ಪರೀಕ್ಷೆಯನ್ನು 16 ಆಂಪಿಯರ್ ಸಾಕೆಟ್ಟಿಗೆ ಮಾಡಿ. ಎಕ್ಸ್‌ಟೆನ್ಶನ್ ಬೋರ್ಡು ಖಂಡಿತ ಬೇಡ.

ಕೈಕೊಟ್ಟಾಗ

ಏಪ್ರಿಲ್ ಆಸುಪಾಸಿನಲ್ಲಿ ಕೆಂಪು ದೀಪ, 'ಅರ್ಥ್ ಫಾಲ್ಟ್' ಎಂದರೆ ಗುಂಡಿ ಒಣಗಿದೆ. ನೀರು ಹೊಯ್ದು ಮರುದಿನ ಸರಿಯಾದರೆ ಕಾರಣ ಸಿಕ್ಕಿತು, ಪರಿಹಾರ ಎರಡನೇ ರಾಡು.

ಸಂಜೆ 6ರಿಂದ 10ರ ನಡುವೆ ನಿಲ್ಲುತ್ತದೆ, ರಾತ್ರಿ ತಾನಾಗಿ ಸರಿಯಾಗುತ್ತದೆ ಎಂದರೆ ವೋಲ್ಟೇಜ್ ಬೀಳುತ್ತಿದೆ. ಚಾರ್ಜಿಂಗನ್ನು 11ಕ್ಕೆ ನಿಗದಿ ಮಾಡಿ. ಗೃಹಬಳಕೆಯ ಮೀಟರಿಗೆ ಹಗಲು ರಾತ್ರಿ ಒಂದೇ ದರ, ಆದ್ದರಿಂದ ಇಲ್ಲಿ ಸಮಯ ನಿಗದಿಯ ಲಾಭ ದುಡ್ಡಿನದ್ದಲ್ಲ, ವೋಲ್ಟೇಜಿನದ್ದು. ಬೇಸಿಗೆಯಲ್ಲಿ ತೋಟಗಳಿಗೆ ಮೂರು ಫೇಸ್ ಕೊಟ್ಟು ಎಲ್ಲರ ಪಂಪೂ ಒಟ್ಟಿಗೆ ಓಡುವ ಹೊತ್ತನ್ನೂ ತಪ್ಪಿಸಿ.

ಜೂನ್ ಮೊದಲ ಮಳೆಗೆ ಆರ್‌ಸಿಸಿಬಿ ಬೀಳತೊಡಗಿದರೆ ತೇವ ಎಲ್ಲೋ ಒಳಗೆ ಸೇರಿದೆ. ಪ್ಲಗ್ಗಿನ ಪಿನ್ನುಗಳ ಸುತ್ತ, ಗ್ಲ್ಯಾಂಡಿನ ಬುಡದಲ್ಲಿ ನೋಡಿ. ಪಿನ್ನಿನ ಮೇಲೆ ಹಸಿರು ಕಿಲುಬು ಕಂಡರೆ ಮೇನ್ ತೆಗೆದು ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಒರೆಸಿ ಒಣಗಿಸಿ. ಕೊಬ್ಬರಿ ಎಣ್ಣೆ, ಗ್ರೀಸು ಹಚ್ಚಬೇಡಿ. ಧೂಳು ಅಂಟಿ ಬಿಸಿ ಹೆಚ್ಚುತ್ತದೆ. ಬೀಳುತ್ತದೆ ಎಂದು ಆರ್‌ಸಿಸಿಬಿಯನ್ನೇ ತೆಗೆದು ನೇರ ಜೋಡಿಸುವುದನ್ನು ಯಾರು ಹೇಳಿದರೂ ಒಪ್ಪಬೇಡಿ. ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ಕಾರು ಮುಟ್ಟುವವರು ಮನೆಯ ಮಕ್ಕಳು.

ಒಂದೆರಡು ಗಂಟೆ ಓಡಿದ ಮೇಲೆ ಎಂಸಿಬಿ ಬಿದ್ದರೆ ಶಾರ್ಟ್ ಅಲ್ಲ, ಬಿಸಿ. ಟರ್ಮಿನಲ್ ಬಿಗಿ ಮಾಡಿಸಿ.

ಘಟ್ಟ ಇಳಿಯುವವರಿಗೆ, ಮಳೆಗಾಲಕ್ಕೆ

ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. 1600 ಕೆಜಿ ತೂಕದ ಕಾರು ದೇವಿಮನೆ ಘಟ್ಟ ಇಳಿದು ಕುಮಟಾ ಸೇರುವಷ್ಟರಲ್ಲಿ ಬಿಟ್ಟುಕೊಡುವ ಶಕ್ತಿ ಸುಮಾರು 2.5 ಯೂನಿಟ್, ಇಳಿಜಾರಿನಲ್ಲಿ ಮೋಟಾರೇ ಜನರೇಟರಿನಂತೆ ಬ್ರೇಕು ಹಿಡಿಯುವುದರಿಂದ ಅದರಲ್ಲಿ ಒಂದಷ್ಟು ಬ್ಯಾಟರಿಗೆ ಮರಳುತ್ತದೆ. ಬ್ಯಾಟರಿ ಶೇಕಡಾ 100 ತುಂಬಿದ್ದರೆ ಅದಕ್ಕೆ ಜಾಗವಿಲ್ಲ. ಮೋಟಾರಿನ ಬ್ರೇಕು ಕೈಬಿಟ್ಟು ಇಡೀ ಇಳಿಜಾರಿನ ಭಾರ ಬ್ರೇಕ್ ಪ್ಯಾಡಿನ ಮೇಲೆ ಬೀಳುತ್ತದೆ. ಬೆಳಿಗ್ಗೆ ಘಟ್ಟ ಇಳಿಯುವುದಿದ್ದರೆ 85ಕ್ಕೆ ನಿಲ್ಲಿಸಿ. ಗೋಡೆಯ ಚಾರ್ಜರಿಗೆ ಸಾಮಾನ್ಯವಾಗಿ ಬ್ಯಾಟರಿಯ ಶೇಕಡಾ ಗೊತ್ತಾಗುವುದಿಲ್ಲ. ಮಿತಿಯನ್ನು ಕಾರಿನ ಪರದೆಯಲ್ಲಿ ಕಟ್ಟಬೇಕು, ಇಲ್ಲವೇ ಚಾರ್ಜರಿನಲ್ಲಿ ಯೂನಿಟ್ ಲೆಕ್ಕ ಕೊಡಬೇಕು. 30 ಯೂನಿಟ್ಟಿನ ಬ್ಯಾಟರಿ 40ರಿಂದ 85ಕ್ಕೆ ಏರಲು 13.5 ಯೂನಿಟ್ ಬೇಕು, ನಷ್ಟ ಸೇರಿ 15 ಎಂದು ಹಾಕಿ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬಗೆಯ ಬ್ಯಾಟರಿಯ ಕಾರನ್ನು ಕೈಪಿಡಿ ಹೇಳಿದ ಅಂತರದಲ್ಲಿ ಒಮ್ಮೆ 100 ತುಂಬಿಸಬೇಕು. ಅದನ್ನು ಘಟ್ಟ ಇಳಿಯದ ವಾರಕ್ಕೆ ಇಟ್ಟುಕೊಳ್ಳಿ.

ಮೇ ಮುಗಿಯುವ ಮೊದಲು ಪ್ಲಗ್ಗಿನ ಮುಚ್ಚಳ, ಗ್ಲ್ಯಾಂಡಿನ ರಬ್ಬರು, ಪೆಟ್ಟಿಗೆಯ ಸುತ್ತಿನ ಗ್ಯಾಸ್ಕೆಟ್ ನೋಡಿ, ಬಿರಿದಿದ್ದರೆ ಬದಲಿಸಿ. ಎಸ್‌ಪಿಡಿಯ ಕಿಟಕಿ ಹಸಿರಿದೆಯೇ ನೋಡಿ; ಕೆಂಪಾಗಿದ್ದರೆ ಕಳೆದ ಸಿಡಿಲಿಗೆ ಅದು ತನ್ನ ಕೆಲಸ ಮುಗಿಸಿದೆ, ಹೊಸದು ಬೇಕು. ಗುಡುಗು ಹತ್ತಿರ ಬಂತೆಂದರೆ ಎಸ್‌ಪಿಡಿ ಇದ್ದರೂ ಕಾರಿನಿಂದ ಪ್ಲಗ್ ಕಿತ್ತು ಹುಕ್ಕಿಗೆ ಬಾಯಿ ಕೆಳಗಾಗಿ ತೂಗುಹಾಕಿ. ಅರ್ಥಿಂಗ್ ಅಳತೆಯನ್ನು ತಾರೀಕಿನ ಸಮೇತ ಬೋರ್ಡಿನ ಒಳಮುಚ್ಚಳಕ್ಕೆ ಬರೆದು ಅಂಟಿಸಿ. ಮುಂದಿನ ಏಪ್ರಿಲ್‌ನಲ್ಲಿ ಅದೇ ಗುಂಡಿ ಅಳೆದಾಗ ಪಕ್ಕದಲ್ಲಿಟ್ಟು ನೋಡಲು ಆ ಚೀಟಿ ಬೇಕಾಗುತ್ತದೆ.